ಕಾರು ನಂದು, ಕಣ್ಣು ನಿಮ್ದು

ಮೊನ್ನೆ ಶುಕ್ರವಾರ ಅವರು ತೀರಿಕೊಂಡರೆಂದು ಅವರ ಅಣ್ಣನ ಮಗ ಬಂದು ಹೇಳಿಹೋದ. ಬಾಗಿಲಲ್ಲಿ ನಿಂತೇ ಹೇಳಿದ, ಕಾಫಿಗೂ ಕೂರಲಿಲ್ಲ. ಬೇಕಾದವರು ಸತ್ತ ಸುದ್ದಿ ಕೇಳಿದರೆ ಮೊದಲು ದುಃಖ ಬರಬೇಕು. ನನಗೆ ಬಂದದ್ದು ನಡುಕ. ನಿಂತಲ್ಲೇ ನನ್ನ ಬಲಗಾಲು ನೆಲವನ್ನು ಬಲವಾಗಿ ಒತ್ತಿತು, ಅಲ್ಲೊಂದು ಬ್ರೇಕ್ ಇದೆ ಎನ್ನುವ ಹಾಗೆ. ಇಷ್ಟು ವರ್ಷವಾದರೂ ಅವರ ನೆನಪು ನನಗೆ ಮೊದಲು ಬರುವುದು ಕಾಲಿಗೆ.

ಅವರ ಹೆಸರು ಬರೆಯುವುದಿಲ್ಲ. ಹೆಣ್ಣುಮಕ್ಕಳು, ಅಳಿಯಂದಿರು ಇದೇ ಶಿವಮೊಗ್ಗದಲ್ಲಿದ್ದಾರೆ, ಮರ್ಯಾದೆಯಿಂದ ಬಾಳುತ್ತಿದ್ದಾರೆ. ನಾವೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಇಲ್ಲಿಯೂ ಅದೇ ಇರಲಿ.

ನಾನಾಗ ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಗೆರೆ ಕೂದಲೆಳೆಯಷ್ಟು ದಪ್ಪವಾದರೂ ನನ್ನ ಕಣ್ಣಿಗೆ ಬೀಳುತ್ತಿತ್ತು. ಆ ವಿಷಯದಲ್ಲಿ ನನಗೆ ಜಂಬವೂ ಇತ್ತು. ಕ್ವಾರ್ಟರ್ಸ್ ಇನ್ನೂ ಸಿಕ್ಕಿರಲಿಲ್ಲವಾದ್ದರಿಂದ ಶಿವಮೊಗ್ಗದಲ್ಲಿ ಮನೆ ಮಾಡಿಕೊಂಡು ದಿನವೂ ಓಡಾಡುತ್ತಿದ್ದೆ. ರೈಲಿನ ಹೊತ್ತಿಗೆ ಏಳುವುದು ನನ್ನ ಜಾತಕದಲ್ಲಿ ಬರೆದಿರಲಿಲ್ಲ. ಹಾಗೆ ರೈಲು ತಪ್ಪಿದವರಿಗೆಂದೇ ದೇವರು ಇಟ್ಟಂತೆ ಚಾಚಾನ ಕಾರು ಇತ್ತು. ಯುದ್ಧಕ್ಕೂ ಮುಂಚಿನ ಅಮೆರಿಕದ ಕಾರು. ಬಣ್ಣ ಯಾವುದೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ದಿನದ ಗಿರಾಕಿಗಳು ಮೂವರು: ನಾನು, ಭದ್ರಾವತಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದ ಶೆಟ್ಟರು, ಅಲ್ಲಿನ ಆಸ್ಪತ್ರೆಯಲ್ಲಿದ್ದ ತಮಿಳು ಮಾತಿನ ನರ್ಸಮ್ಮ. ಉಳಿದ ಜಾಗಕ್ಕೆ ಸಿಕ್ಕಿದವರು.

ಆ ಕಾರಿನ ಮುಂದಿನ ಗಾಜು ಒಡೆದಿತ್ತು. ಯಾವುದೋ ಲಾರಿಯ ಚಕ್ರದಿಂದ ಸಿಡಿದ ಕಲ್ಲು ಸರಿಯಾಗಿ ಡ್ರೈವರ್ ಮುಖದ ಮುಂದೆ ಬಡಿದು, ಅಲ್ಲಿಂದ ಸುತ್ತಲೂ ಬಿರುಕು ಹರಡಿ ಜೇಡರ ಬಲೆಯ ಹಾಗಾಗಿತ್ತು. ಎರಡು ಹಾಳೆ ಗಾಜಿನ ನಡುವೆ ಅಂಟಿನ ಪೊರೆ ಇಟ್ಟು ಮಾಡಿದ ಗಾಜಾದ್ದರಿಂದ ಉದುರಿಬೀಳದೆ ನಿಂತಿತ್ತು. ಊರಿನವರು ಆ ಕಾರನ್ನು ಜೇಡ ಎನ್ನುತ್ತಿದ್ದರು. "ಜೇಡ ಹೋಯ್ತಾ?" ಎಂದು ಸ್ಟ್ಯಾಂಡಿನಲ್ಲಿ ಕೇಳಿದರೆ ಯಾರೂ ನಗುತ್ತಿರಲಿಲ್ಲ, ಹೋಯಿತೋ ಇಲ್ಲವೋ ಹೇಳುತ್ತಿದ್ದರು.

ಆ ಬಿರುಕಿನಿಂದಾಗಿ ಕಾರಿನಲ್ಲಿ ಒಂದು ಪದ್ಧತಿ ಬೆಳೆದಿತ್ತು. ಮುಂದಿನ ಸೀಟಿನಲ್ಲಿ ಕೂತವರು ರಸ್ತೆ ಹೇಳಬೇಕು. ಚಾಚಾ ಸ್ಟೀರಿಂಗ್ ಹಿಡಿದು, ಕಪ್ಪು ಕನ್ನಡಕ ಏರಿಸಿ, ಹೊರಡುವ ಮುಂಚೆ ಪಕ್ಕದವರ ತೊಡೆ ತಟ್ಟಿ ಹೇಳುತ್ತಿದ್ದರು: "ಕಾರು ನಂದು, ಕಣ್ಣು ನಿಮ್ದು. ಹೇಳ್ತಾ ಇರಿ ಮಾರಾಯ್ರೆ." ಅಲ್ಲಿಂದ ನಮ್ಮ ಪಾರಾಯಣ ಶುರು. ಎಡಗಡೆ ಸೈಕಲ್ಲು. ಎದುರಿಗೆ ಎತ್ತಿನ ಗಾಡಿ, ಹುಲ್ಲು ಜಾಸ್ತಿ ಹೇರಿದ್ದಾನೆ. ಕರು ಅಡ್ಡ ಬಂತು, ಹೋಯ್ತು. ನಮಗೆ ಅದೊಂದು ಆಟ. ಶೆಟ್ಟರು ಕೂತರೆ ಎದುರು ಬರುವವರ ಸೀರೆಯ ಬಾರ್ಡರು, ನೆಯ್ದ ಊರು ಎಲ್ಲ ಬರುತ್ತಿತ್ತು. ನಾನು ಕೂತರೆ ಅಂತರದ ಲೆಕ್ಕ. "ಇಂಜಿನಿಯರ್ ಸಾಹೇಬ್ರು ಹೇಳಿದ್ರೆ ಗೆರೆ ಎಳೆದ ಹಾಗೆ" ಎಂದು ಚಾಚಾ ಹೊಗಳಿದರೆ ನಾನು ಉಬ್ಬುತ್ತಿದ್ದೆ. ನಾನು ಇಂಜಿನಿಯರ್ ಅಲ್ಲವೆಂದು ಅವರಿಗೂ ಗೊತ್ತಿತ್ತು.

ಮುಂದಿನ ಸೀಟಿನಲ್ಲಿ ನಿದ್ದೆ ಮಾಡುವಂತಿರಲಿಲ್ಲ. ಒಮ್ಮೆ ಭಾರಿ ಜಮೀನ್ದಾರರೊಬ್ಬರು ಕೂತು, ಊರು ದಾಟುವ ಮುಂಚೆ ಗೊರಕೆ ಹೊಡೆದರು. ಚಾಚಾ ಕಾರು ನಿಲ್ಲಿಸಿ, ಇಳಿದು ಬಂದು, ಅವರನ್ನು ಎಬ್ಬಿಸಿ, "ಗೌಡ್ರೇ, ನಿದ್ದೆ ಸೀಟು ಹಿಂದುಗಡೆ ಇದೆ" ಎಂದು ಕೈ ಹಿಡಿದು ಕರೆದುಕೊಂಡು ಹೋಗಿ ಕೂರಿಸಿದರು. ಗೌಡರು ಕೆಂಪಗಾದರು, ನಾವು ನಕ್ಕೆವು.

ಸಂಜೆ ಕತ್ತಲಾದ ಮೇಲೆ ಕಾರು ತೆಗೆಯುತ್ತಿರಲಿಲ್ಲ. "ಎದುರಿನ ಲೈಟು ಈ ಬಿರುಕಿಗೆ ಬಿದ್ರೆ ನೂರು ಲೈಟಾಗುತ್ತೆ ಸ್ವಾಮಿ" ಎನ್ನುತ್ತಿದ್ದರು. ಒಪ್ಪುವ ಮಾತೇ. ನೋಟು ಕೊಟ್ಟರೆ ಹೆಬ್ಬೆರಳಿನಲ್ಲಿ ಸವರಿ ಜೇಬಿಗೆ ಹಾಕುತ್ತಿದ್ದರು. ನಾವು ಮಾತಾಡಿಸುವ ತನಕ ಮಾತಾಡಿಸುತ್ತಿರಲಿಲ್ಲ, ಅದನ್ನು ನಾನು ಗಾಂಭೀರ್ಯ ಎಂದುಕೊಂಡಿದ್ದೆ. ಆಲೆಮನೆಯ ಬೆಲ್ಲದ ವಾಸನೆ ಬಂದ ಕೂಡಲೇ ಹಾರನ್ ಹೊಡೆಯುತ್ತಿದ್ದರು. ಹುಣಸೆ ಮರದ ಸಾಲಿನಲ್ಲಿ ಇಂಜಿನ್ನಿನ ಸದ್ದು ಬದಲಾದರೆ ಗೇರ್ ಇಳಿಸುತ್ತಿದ್ದರು. ಇದೆಲ್ಲವನ್ನೂ ನಾನು ಕಣ್ಣಾರೆ ನೋಡಿದ್ದೇನೆ. ನೋಡಿದ್ದೇನೆ ಎಂದು ಬರೆಯುವಾಗ ಈಗ ನಾಚಿಕೆಯಾಗುತ್ತದೆ.

ಅವರ ಧೈರ್ಯದ ಮಾತು ಬಂದರೆ ನಾವೆಲ್ಲ ಹೇಳುತ್ತಿದ್ದುದು ಹಳ್ಳದ ಮೋರಿಯದು. ದಾರಿಯ ನಡುವೆ ಒಂದು ಹಳ್ಳ, ಅದರ ಮೇಲೆ ಕಿರಿದಾದ ಕಲ್ಲಿನ ಮೋರಿ. ಅದರ ಎಡಗಡೆಯ ತಡೆಗೋಡೆ ಒಂದು ಮಳೆಗಾಲದಲ್ಲಿ ಕೊಚ್ಚಿಹೋಗಿತ್ತು. ಮತ್ತೆ ಕಟ್ಟಿಸುವ ಪುಣ್ಯಾತ್ಮ ಯಾರೂ ಇರಲಿಲ್ಲ. ಕೆಳಗೆ ಎರಡಾಳು ಆಳ, ಬಂಡೆ. ಬೇರೆ ಡ್ರೈವರುಗಳೆಲ್ಲ ಮೋರಿಯ ನಡುವಿನಲ್ಲಿ ಉಸಿರು ಬಿಗಿಹಿಡಿದು ಹೋಗುತ್ತಿದ್ದರು. ಚಾಚಾ ಮಾತ್ರ ಎದುರಿಗೆ ಗಾಡಿ ಬಂತೆಂದರೆ ಲೀಲಾಜಾಲವಾಗಿ ಎಡಕ್ಕೆ ಸರಿದು, ಆ ಬರಿ ಅಂಚಿಗೇ ಚಕ್ರ ಇಟ್ಟು ದಾರಿ ಬಿಡುತ್ತಿದ್ದರು. ಕಿಟಕಿಯಿಂದ ನನಗೆ ಕೆಳಗಿನ ಬಂಡೆ ಮಾತ್ರ ಕಾಣುತ್ತಿತ್ತು. "ಗುಂಡಿಗೆ ಅಂದ್ರೆ ಚಾಚಾನದು" ಎಂದು ಶೆಟ್ಟರು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ಗಾಜು ಬದಲಾಯಿಸುವ ಮಾತು ತೆಗೆದವರೂ ಶೆಟ್ಟರೇ. ಅವರ ಮಗಳ ಮದುವೆ ಗೊತ್ತಾಯಿತು. ಮದುಮಗನನ್ನು ಭದ್ರಾವತಿಯಿಂದ ಕರೆತರುವುದಕ್ಕೆ, ಮದುವೆಯಾದ ಮೇಲೆ ಹೆಣ್ಣು ಗಂಡನ್ನು ಕಳಿಸಿಕೊಡುವುದಕ್ಕೆ ಚಾಚಾನ ಕಾರೇ ಆಗಬೇಕೆಂದು ಅವರ ಆಸೆ. ಆದರೆ ಮನೆಯ ಹಿರಿಯ ಹೆಂಗಸರು ಕಡ್ಡಿ ಮುರಿದಂತೆ ಹೇಳಿದರು: ಒಡೆದ ಗಾಜಿನ ಹಿಂದೆ ಮದುಮಗ ಕೂರಬಾರದು, ಅಪಶಕುನ.

"ಗಾಜು ನಾನು ಹಾಕಿಸ್ತೀನಿ, ನೀವು ಕಾರು ತಂದು ನಿಲ್ಲಿಸಿ" ಎಂದರು ಶೆಟ್ಟರು.

"ನಕ್ಕೋ ಶೆಟ್ರೆ, ಬೇಡ" ಎಂದರು ಚಾಚಾ. "ಈ ಕಾರಿನ ಗಾಜು ಮದ್ರಾಸಲ್ಲೂ ಸಿಗಲ್ಲ."

"ಹುಡುಕಿಸ್ತೀನಿ."

"ಮದುಮಗನ್ನ ಹಿಂದಿನ ಸೀಟಲ್ಲಿ ಕೂರಿಸೋಣ. ಹೂವಿನ ಹಾರ ಇಳಿಬಿಟ್ರೆ ಬಿರುಕು ಕಾಣಲ್ಲ."

"ಹಾರ ಹಾಕಿದ್ರೆ ನಿಮಗೆ ರಸ್ತೆ ಹೇಗೆ ಕಾಣುತ್ತೆ ಚಾಚಾ?" ಎಂದು ನಾನು ಕೇಳಿದೆ. ಅವರು ನನ್ನ ಕಡೆ ತಿರುಗಿ ಕಪ್ಪು ಕನ್ನಡಕ ಸರಿಮಾಡಿಕೊಂಡರು.

ಸವಳಂಗ ರಸ್ತೆಯ ಕಡೆ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಯವನೊಬ್ಬ ಕಿಟಕಿಯ ಗಾಜನ್ನೇ ಅಳತೆಗೆ ಕತ್ತರಿಸಿ ಕೂರಿಸುತ್ತೇನೆಂದು ಮುಂದೆ ಬಂದ. ಆಗ ಚಾಚಾ ಮೊದಲ ಸಲ ದನಿ ಏರಿಸಿದ್ದನ್ನು ಕೇಳಿದೆ. "ಕಿಟಕಿ ಗಾಜು ಒಡೆದ್ರೆ ಚೂರಿ ಚೂರಿಯಾಗಿ ಮುಖಕ್ಕೆ ಬರುತ್ತೆ. ನನ್ನ ಪ್ಯಾಸೆಂಜರ್‌ದು ಮುಖ ಅಲ್ವಾ?" ಅವರ ಈ ಮಾತನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಅದು ನೆಪವೂ ಆಗಿತ್ತು, ನಿಜವೂ ಆಗಿತ್ತು.

ಶೆಟ್ಟರು ಬಿಡುವ ಆಸಾಮಿಯಲ್ಲ. ಭದ್ರಾವತಿಯ ಗುಜರಿಯಲ್ಲಿ ಒಂದು ಮಿಲಿಟರಿ ಲಾರಿಯ ಗಾಜು ಸಿಕ್ಕಿತು. ಪೊರೆ ಇಟ್ಟ ಗಾಜೇ, ಆದರೆ ದೊಡ್ಡದು. ಅದನ್ನು ಕತ್ತರಿಸಿದ್ದು ನೋಡುವಂತಿತ್ತು. ಪಟದ ಅಂಗಡಿಯವನೇ ಎರಡೂ ಬದಿಗೆ ಗೀರು ಎಳೆದು, ಮೆಲ್ಲಗೆ ತಟ್ಟಿ ಗಾಜು ಬಿರಿಯಿಸಿದ. ಆದರೆ ನಡುವಿನ ಪೊರೆ ಬಿಡಬೇಕಲ್ಲ. ಗೀರಿನೊಳಗೆ ಸ್ಪಿರಿಟ್ ಸುರಿದು ಕಡ್ಡಿ ಗೀಚಿದ. ನೀಲಿ ಬೆಂಕಿ ಗೆರೆಯುದ್ದಕ್ಕೂ ಓಡಿತು. ಪೊರೆ ಮೆತ್ತಗಾದ ಕ್ಷಣದಲ್ಲಿ ಬ್ಲೇಡು ಹಾಕಿ ಎಳೆದ, ಗಾಜು ಎರಡಾಯಿತು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ಚಾಚಾ ಅತ್ತ ಮುಖ ಮಾಡಿ ಬೀಡಿ ಸೇದುತ್ತಿದ್ದರು.

ಗಾಜು ಕೂರಿಸುವುದಕ್ಕೆ ಇಬ್ಬರು ಬೇಕು. ಗಾಜಿನ ಸುತ್ತ ರಬ್ಬರ್ ಪಟ್ಟಿ ತೊಡಿಸಿ, ಅದರ ಸೀಳಿನಲ್ಲಿ ಗಟ್ಟಿ ದಾರ ಹೂತು, ಸಾಬೂನು ನೀರು ಹಚ್ಚುತ್ತಾರೆ. ಹೊರಗಿನವನು ಅಂಗೈಯಲ್ಲಿ ಗಾಜನ್ನು ಒತ್ತುತ್ತಾ ಹೋದರೆ ಒಳಗಿನವನು ದಾರ ಎಳೆಯುತ್ತಾ ಹೋಗಬೇಕು. ರಬ್ಬರಿನ ತುಟಿ ಇಷ್ಟಿಷ್ಟೇ ಚೌಕಟ್ಟಿನ ಮೇಲೆ ಹತ್ತಿ ಕೂರುತ್ತದೆ. ನಾನು ಒಳಗೆ ಕೂತು ದಾರ ಎಳೆದೆ. ಹೊರಗಿನಿಂದ ಚಾಚಾನೇ ಒತ್ತಿದರು. ಹೊಸ ಗಾಜಿನ ಆಚೆ ಅವರ ಮುಖ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ನಾನು ನಕ್ಕೆ. ಅವರು ನಗಲಿಲ್ಲ. ಸಾಬೂನು ನೀರು ಇಳಿಯುತ್ತಿದ್ದುದರಿಂದ ಕಾಣಲಿಲ್ಲವೇನೋ ಎಂದುಕೊಂಡೆ.

"ಈಗ ಹೇಗೆ ಕಾಣುತ್ತೆ ಚಾಚಾ?" ಎಂದು ಶೆಟ್ಟರು ಕೇಳಿದರು.

"ಕನ್ನಡಿ ಥರ" ಎಂದರು. ಹಳೆಯ ಒಡಕು ಗಾಜನ್ನು ಗೋಣಿಯಲ್ಲಿ ಸುತ್ತಿ ಮನೆಗೆ ಒಯ್ದರು. ಅದೇಕೆ ಎಂದರೆ, "ಇಷ್ಟು ವರ್ಷ ಅನ್ನ ಹಾಕಿದೆ" ಎಂದರು. ಅದಕ್ಕೂ ನಾವು ನಕ್ಕೆವು.

ಮಾರನೆಯ ಬೆಳಿಗ್ಗೆ ಮದುವೆಯ ಓಡಾಟದಲ್ಲಿದ್ದ ಶೆಟ್ಟರು ಬರಲಿಲ್ಲ. ನಾನು ಮುಂದೆ, ನರ್ಸಮ್ಮ ಹಿಂದೆ. ಅವತ್ತು ಚಾಚಾ ನನ್ನ ತೊಡೆ ತಟ್ಟಲಿಲ್ಲ. ಕಣ್ಣು ನಿಮ್ದು ಎನ್ನಲಿಲ್ಲ. ಹೊಸ ಗಾಜು ಇಟ್ಟುಕೊಂಡು ಹೇಗೆ ಅಂದಾರು? ಊರೊಳಗೆ ಹೋಗುವಾಗ ಮಾತ್ರ "ಇವತ್ತು ಜನ ಜಾಸ್ತಿ ಇರಬೇಕು" ಎಂದರು. "ಅಷ್ಟೇನಿಲ್ಲ" ಎಂದೆ. "ಗಾಡಿಗಳು?" ಎಂದರು. "ಖಾಲಿ ಇದೆ ರಸ್ತೆ" ಎಂದೆ. ಆಮೇಲೆ ಸುಮ್ಮನಾದೆ. ಇಷ್ಟು ತಿಳಿಯಾದ ಗಾಜಿನಲ್ಲಿ ನನಗೆ ಕಂಡದ್ದು ಅವರಿಗೂ ಕಾಣುತ್ತದಲ್ಲ, ಪಾರಾಯಣದ ಕಾಟ ತಪ್ಪಿತು ಎಂದುಕೊಂಡು ಬೆಳಗಿನ ಗದ್ದೆ, ಕೊಕ್ಕರೆ ನೋಡುತ್ತಾ ಕೂತೆ. ಅಷ್ಟು ಚೆಂದದ ರಸ್ತೆಯನ್ನು ನಾನು ಅದುವರೆಗೆ ನೋಡಿರಲಿಲ್ಲ.

ರೈಲ್ವೆ ಗೇಟು ದೂರದಿಂದಲೇ ಕಾಣಿಸಿತು. ಮುಚ್ಚಿತ್ತು. ನಡುವೆ ಕೆಂಪು ತಗಡಿನ ಬಿಲ್ಲೆ. ಚಾಚಾ ವೇಗ ಇಳಿಸಲಿಲ್ಲ. ಗೇಟು ಹತ್ತಿರವಾಯಿತು, ಇನ್ನೂ ಹತ್ತಿರವಾಯಿತು. ಈಗ ಹಿಡಿಯುತ್ತಾರೆ, ಈಗ ಹಿಡಿಯುತ್ತಾರೆ ಎಂದು ನಾನು ಕಾದೆ. ಅಷ್ಟು ಹೊತ್ತಿಗೆ ನನ್ನ ಬಲಗಾಲು ನೆಲ ಒತ್ತುತ್ತಿತ್ತು, ನಾಲಿಗೆ ಮಾತ್ರ ಹೊರಳಲಿಲ್ಲ. ಹಿಂದಿನಿಂದ ನರ್ಸಮ್ಮ ಕಿರುಚಿದರು: "ನಿಲ್ಲಿಸಪ್ಪಾ, ಗೇಟು! ಗೇಟು!"

ಚಾಚಾ ಬ್ರೇಕಿನ ಮೇಲೆ ನಿಂತೇಬಿಟ್ಟರು. ಕಾರು ಜಾರಿಕೊಂಡು ಹೋಗಿ ಗೇಟಿಗೆ ಗುದ್ದಿತು. ಲೈಟಿನ ಗಾಜು ಉದುರಿದ ಸದ್ದು, ಕಬ್ಬಿಣದ ಸದ್ದು.

"ಏನದು ಸ್ವಾಮಿ, ಎತ್ತಿನ ಗಾಡಿಯಾ?" ಎಂದರು ಚಾಚಾ.

ತಮಾಷೆ ಮಾಡುತ್ತಿದ್ದಾರೆಂದೇ ತಿಳಿದೆ. ಅಷ್ಟರಲ್ಲಿ ರೈಲು ಬಂತು. ಇಂಜಿನ್ನು, ಹೊಗೆ, ಒಂದರ ಹಿಂದೆ ಒಂದು ಡಬ್ಬಿ, ಹೊಸ ಗಾಜಿನ ಈ ತುದಿಯಿಂದ ಆ ತುದಿಗೆ. ಒಂದು ಗೆರೆಯೂ ಇಲ್ಲದ ಗಾಜಿನಲ್ಲಿ ಕಿಟಕಿಯ ಮಗುವಿನ ಮುಖ ಕೂಡ ಕಾಣುತ್ತಿತ್ತು. ಚಾಚಾ ಆ ಸದ್ದಿಗೆ ಕಿವಿ ಕೊಟ್ಟು ಕೂತಿದ್ದರು. ಸದ್ದು ದೂರವಾದ ಮೇಲೆ ಮೆಲ್ಲಗೆ ಕೇಳಿದರು: "ಗೇಟು ಹಾಕಿತ್ತಾ? ಯಾಕ್ ಸ್ವಾಮಿ ಹೇಳ್ಲಿಲ್ಲ?"

"ಕಾಣ್ತಾ ಇತ್ತಲ್ಲ ಚಾಚಾ."

ಅವರು ಕಪ್ಪು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. ಎರಡೂ ಕಣ್ಣುಗಳ ಪಾಪೆ ಅಕ್ಕಿ ತೊಳೆದ ನೀರಿನ ಬಣ್ಣಕ್ಕಿತ್ತು. ವರ್ಷಗಟ್ಟಲೆ ದಿನಕ್ಕೆರಡು ಸಲ ನನ್ನ ಪ್ರಾಣವನ್ನು ನಾನು ಈ ಕಣ್ಣುಗಳ ಕೈಗೆ ಕೊಟ್ಟಿದ್ದೆ. ಕೊಟ್ಟು ಸೀಟಿಗೆ ಒರಗಿ ಹಾಡು ಗುನುಗಿದ್ದೆ.

"ಬೆಳಕು ಕಾಣುತ್ತೆ" ಎಂದರು ಚಾಚಾ, ಗೇಟು ಕಾಯುವವನ ಬೈಗುಳ ಕೇಳಿಸದವರ ಹಾಗೆ. "ರಸ್ತೆ ಬೆಳ್ಳಗೆ, ಅಂಚು ಕಪ್ಪಗೆ. ದೊಡ್ಡದೇನಾದ್ರೂ ಹತ್ರ ಬಂದ್ರೆ ನೆರಳು ಬಂದ ಹಾಗೆ. ಉಳಿದಿದ್ದು ನೀವು ಹೇಳ್ತಿದ್ರಿ. ಹೇಗೋ ನಡೀತಿತ್ತು."

ನರ್ಸಮ್ಮ ಕೆಳಗಿಳಿದು ಬಂದು, ಅವರ ಗಲ್ಲ ಹಿಡಿದೆತ್ತಿ ಕಣ್ಣು ನೋಡಿದರು. ಬೈಯುತ್ತಾರೆಂದುಕೊಂಡೆ. ಅಳತೊಡಗಿದರು. "ದಿನಾ ನಿಮ್ಮ ಬೆನ್ನೇ ನೋಡ್ಕೊಂಡು ಬಂದ್ನಲ್ಲ ಚಾಚಾ. ಒಂದೇ ಒಂದ್ಸಲ ತಿರುಗಿ ನೋಡಿದ್ದಿದ್ರೆ ಗೊತ್ತಾಗ್ತಿತ್ತು. ಬಸುರಿ ಹೆಂಗಸರನ್ನ ಈ ಕಾರಲ್ಲಿ ನಾನೇ ಕರ್ಕೊಂಡು ಬಂದಿದ್ದೀನಿ."

"ಗೊತ್ತಮ್ಮ" ಎಂದರು ಚಾಚಾ. "ಅದಕ್ಕೇ ತಿರುಗ್ತಿರ್ಲಿಲ್ಲ."

ಶೆಟ್ಟರಿಗೆ ಬೇರೆ ಯಾರ ಬಾಯಿಂದಲೂ ತಿಳಿಯುವುದು ಬೇಡ ಎಂದು ಚಾಚಾನೇ ಹಟ ಹಿಡಿದರು. ಅಂದೇ ಮಧ್ಯಾಹ್ನ ನನ್ನ ಭುಜ ಹಿಡಿದುಕೊಂಡು ಶೆಟ್ಟರ ಮನೆಯ ಚಪ್ಪರದ ಕೆಳಗೆ ನಿಂತು, "ಮದುವೆಗೆ ಕಾರು ಬರುತ್ತೆ ಶೆಟ್ರೆ. ಅಣ್ಣನ ಮಗ ಓಡಿಸ್ತಾನೆ, ನಾನಲ್ಲ. ನಂಗೆ ಕಣ್ಣಿಲ್ಲ" ಎಂದರು. ಶೆಟ್ಟರು ಒಳಗೆ ಅರಿಶಿನ ಹಚ್ಚಿಸಿಕೊಂಡು ಕೂತಿದ್ದ ಮಗಳ ಕಡೆ ನೋಡಿದರು, ಚಾಚಾನ ಕಡೆ ನೋಡಿದರು, ಚಪ್ಪರದ ಕಂಬ ಹಿಡಿದು ಕೂತುಬಿಟ್ಟರು. ಕೂತಲ್ಲಿಂದಲೇ ಕೇಳಿದರು: "ಗಾಜು ಹಾಕಿಸದೇ ಇದ್ದಿದ್ರೆ?"

ಗಾಜು ಒಡಕಾಗಿಯೇ ಇದ್ದಿದ್ದರೆ ನಾನು ಗೇಟು ಎಂದು ಹೇಳುತ್ತಿದ್ದೆ, ಅವರು ನಿಲ್ಲಿಸುತ್ತಿದ್ದರು, ಮದುವೆಯ ದಿನ ಮದುಮಗ ಹಿಂದೆ, ಮುಂದೆ ಕೂತ ಗಂಡಿನ ಕಡೆಯವರೊಬ್ಬರು ಸಂಕೋಚದಿಂದ ಬಾಯಿ ಬಿಡದೆ ಇರುತ್ತಿದ್ದರು. ಇದನ್ನು ಯೋಚಿಸುತ್ತಾ ನಾನು ರಾತ್ರಿಗಳನ್ನು ಕಳೆದಿದ್ದೇನೆ.

ರಾಗಿಗುಡ್ಡದ ಕಡೆ ಇದ್ದ ಚಾಚಾನ ಮನೆಗೆ ಮರುದಿನ ಹೋದೆ. ಸಿಟ್ಟಿನಿಂದಲೇ ಹೋದೆ. ಪರದೆಯ ಹಿಂದಿನಿಂದ ಅವರ ಹೆಂಡತಿ ಚಾ ಲೋಟ ಸರಿಸಿ ಹೇಳಿದರು: "ನಂಗೆ ಗೊತ್ತಿತ್ತು ಭಾಯ್. ದಿನಾ ಸಾಯಂಕಾಲ ಕಾರಿನ ಸದ್ದು ಕೇಳೋ ತನಕ ನೀರು ಗಂಟಲಲ್ಲಿ ಇಳೀತಿರ್ಲಿಲ್ಲ. ಆಸ್ಪತ್ರೆಗೆ ಹೋಗಿ ಅಂದ್ರೆ ಕೇಳ್ಬೇಕಲ್ಲ." ಚಾಚಾನ ಅಣ್ಣನ ಕಣ್ಣಿಗೂ ಇದೇ ಪೊರೆ ಬಂದಿತ್ತಂತೆ. ಊರೂರು ತಿರುಗುವ ಒಬ್ಬ ಕಣ್ಣಿನ ವೈದ್ಯ ಪೊರೆ ಸರಿಸುತ್ತೇನೆಂದು ಸೂಜಿ ಹಾಕಿದ, ಇದ್ದ ಮಬ್ಬು ಬೆಳಕೂ ಹೋಯಿತು. "ಆಮೇಲೆ ಅಣ್ಣ ಗೋಡೆ ಹಿಡ್ಕೊಂಡು ಓಡಾಡಿದ" ಎಂದರು ಚಾಚಾ. "ನಾನು ಸ್ಟೀರಿಂಗ್ ಹಿಡ್ಕೊಂಡು ಓಡಾಡಿದೆ. ಸ್ಟೀರಿಂಗ್ ಬಿಟ್ರೆ ನನ್ನ ಕೈಗೂ ಗೋಡೆನೇ." ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಹೆದರಿಕೆ ಮಾತ್ರ ಹೋಗಲಿಲ್ಲ.

ನರ್ಸಮ್ಮ ಬಿಡಲಿಲ್ಲ. ಅವರೇ ದೊಡ್ಡ ಡಾಕ್ಟರಿಗೆ ತೋರಿಸಿ, ಕೈ ಹಿಡಿದು ಕೂತು ಆಪರೇಷನ್ ಮಾಡಿಸಿದರು. ಪಟ್ಟಿ ಬಿಚ್ಚಿ, ಸೋಡಾ ಸೀಸೆಯ ತಳದಂಥ ಕನ್ನಡಕ ಹಾಕಿದ ದಿನ ನಾನು ಹೋಗಿದ್ದೆ. ಚಾಚಾ ನನ್ನನ್ನು ನೋಡಿ, ಬೇರೆ ಯಾರೋ ಎಂಬಂತೆ ಮುಖ ತಿರುಗಿಸಿದರು. "ಹೇಗಿದ್ದೀರಿ ಚಾಚಾ?" ಎಂದೆ. ತಟ್ಟನೆ ತಿರುಗಿದರು, ಬಹಳ ಹೊತ್ತು ನೋಡಿದರು.

"ನೀವಾ ಇಂಜಿನಿಯರ್ ಸಾಹೇಬ್ರು? ಮೀಸೆ ಇದೆ ಅಂದ್ಕೊಂಡಿದ್ದೆ" ಎಂದರು.

ಮತ್ತೆ ಅವರು ಡ್ರೈವರ್ ಸೀಟಿನಲ್ಲಿ ಕೂರಲಿಲ್ಲ. ಕಾರನ್ನು ಅಣ್ಣನ ಮಗ ಓಡಿಸತೊಡಗಿದ. ನನಗೆ ಭದ್ರಾವತಿಯ ಕಾಗದನಗರದಲ್ಲಿ ಕ್ವಾರ್ಟರ್ಸ್ ಸಿಕ್ಕಿ ಸಾಮಾನು ಸಾಗಿಸುವ ದಿನ ಚಾಚಾನೂ ಬಂದರು. "ನಾನು ಓಡಿಸಿದ ರಸ್ತೆ ಹೇಗಿದೆ ಅಂತ ಒಂದ್ಸಲ ನೋಡ್ಬೇಕು" ಎಂದರು. ಮುಂದೆ ಕೂತರು, ನಾನು ಹಿಂದೆ. ದಾರಿಯುದ್ದಕ್ಕೂ ಹುರುಪು. ಆಲೆಮನೆ ಇಷ್ಟು ಚಿಕ್ಕದಾ ಎಂದರು. ಹುಣಸೆ ಮರ ಒಂದು ಕಡಿದಿದ್ದಾರೆ ಎಂದರು.

ಹಳ್ಳದ ಮೋರಿ ಬಂತು. "ನಿಲ್ಸು" ಎಂದರು ಹುಡುಗನಿಗೆ. ಇಳಿದು, ಮೋರಿಯ ಎಡಗಡೆಗೆ ನಡೆದು ಹೋದರು. ಅಂಚಿನಲ್ಲಿ ನಿಂತು ಕೆಳಗಿನ ಬಂಡೆ ನೋಡಿದರು. ಆಮೇಲೆ ಗೋಡೆ ಇರಬೇಕಾದ ಕಡೆ ಕೈ ಚಾಚಿ ಗಾಳಿಯನ್ನು ಸವರಿದರು, ನೋಟು ಸವರುತ್ತಿದ್ದ ಹಾಗೆ.

"ಇಲ್ಲಿ ಕಟ್ಟೆ ಇತ್ತಲ್ಲ?"

"ಅದು ಕೊಚ್ಚಿಹೋಗಿ ಎಷ್ಟೋ ವರ್ಷ ಆಯ್ತು ಚಾಚಾ."

ಅವರು ರಸ್ತೆಯ ಮೇಲೆಯೇ ಕೂತರು. ಅವರಿಗೆ ಕಣ್ಣು ಚೆನ್ನಾಗಿದ್ದ ಕಾಲದಲ್ಲಿ ನೋಡಿದ ಗೋಡೆ ಅದು. ಅವರ ತಲೆಯೊಳಗಿನ ರಸ್ತೆಯಲ್ಲಿ ಅದಿನ್ನೂ ಭದ್ರವಾಗಿ ನಿಂತಿತ್ತು. ಅದನ್ನು ನಂಬಿಕೊಂಡೇ ಎದುರು ಗಾಡಿ ಬಂದಾಗಲೆಲ್ಲ ನಮ್ಮನ್ನೆಲ್ಲ ಕೂರಿಸಿಕೊಂಡು ಎಡಕ್ಕೆ, ಇನ್ನೂ ಎಡಕ್ಕೆ ಸರಿದಿದ್ದರು.

"ಸೈಕಲ್ ಹೇಳಿದ್ರಿ, ಕರು ಹೇಳಿದ್ರಿ, ಸೀರೆ ಬಾರ್ಡರ್ ಕೂಡ ಹೇಳಿದ್ರಿ" ಎಂದರು ಚಾಚಾ. "ಕಟ್ಟೆ ಇಲ್ಲ ಅಂತ ಒಬ್ಬರೂ ಯಾಕ್ ಹೇಳ್ಲಿಲ್ಲ ಸ್ವಾಮಿ?"

ನಾನು ಅವರ ಪಕ್ಕದಲ್ಲಿ ಕೂತೆ. ನಾವು ಅದನ್ನು ನಿಮ್ಮ ಧೈರ್ಯ ಅಂದುಕೊಂಡಿದ್ದೆವು ಎಂದು ಹೇಳಲು ನನಗೆ ಅವತ್ತೂ ಬಾಯಿ ಬರಲಿಲ್ಲ.